ಅಳಿಸಿ ಹೋಗಬೇಕಿದ್ದ ಟೇಪುಗಳು

ಮೇಷ್ಟ್ರೇ, ನಮಸ್ಕಾರ.

ಯುದ್ಧಾಪರಾಧ ವಿಚಾರಣೆಗಳ ಹಳೇ ಧ್ವನಿಮುದ್ರಣ ಉಳಿಸೋಕೆ ಯಾಕಿಷ್ಟು ಒದ್ದಾಟ, ಕೋರ್ಟಿನ ಕಾಗದಪತ್ರ ಸಾಲದಾ ಅಂತ ಕೇಳಿದ್ದೀರಿ. ಕಾಗದ ಇದ್ದರೆ ತಾನೇ ಸಾಲೋದು?

1963ರ ಡಿಸೆಂಬರ್‌ನಿಂದ 1965ರ ಆಗಸ್ಟ್‌ವರೆಗೆ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಔಶ್‌ವಿಟ್ಜ್ ಮೊಕದ್ದಮೆ, ಅಂದರೆ ಹಿಟ್ಲರನ ನಾಜಿಗಳು ಲಕ್ಷಗಟ್ಟಲೆ ಜನರನ್ನು ಕೊಂದ ಆ ಹೆಸರಿನ ಶಿಬಿರದ ಸಿಬ್ಬಂದಿಯ ವಿಚಾರಣೆ, ನಡೆಯಿತು. ಅದರ ಬೆನ್ನು ಹತ್ತಿದವರು ಸರ್ಕಾರಿ ವಕೀಲ ಫ್ರಿಟ್ಜ್ ಬಾವರ್. ಅಲ್ಲಿನ ಇಂಥ ಕೋರ್ಟುಗಳಲ್ಲಿ ಸಾಕ್ಷಿ ಹೇಳಿದ್ದನ್ನು ಮಾತಿಗೆ ಮಾತು ಬರೆದಿಡುವ ಪದ್ಧತಿಯೇ ಇರಲಿಲ್ಲ. ತಿಂಗಳುಗಟ್ಟಲೆ ಕೇಳಿದ್ದು ನ್ಯಾಯಾಧೀಶರಿಗೆ ಮರೆತು ಹೋಗಬಾರದಲ್ವಾ, ಅದಕ್ಕೆ ಪ್ರತಿ ಸಾಕ್ಷಿಯ ಒಪ್ಪಿಗೆ ಕೇಳಿ, ಕೋರ್ಟಿನ ನೆನಪಿಗೆ ಒಂದು ಆಸರೆ ಅಂತ ಟೇಪ್ ಹಾಕಿದರು. ತೀರ್ಪು ಬಂದ ಮೇಲೆ ಅಳಿಸಿಬಿಡಬೇಕು ಅಂತಲೇ ಇತ್ತು. ಯಾರ ದುರುದ್ದೇಶವೂ ಅಲ್ಲ, ಸುಮ್ನೆ ಆಫೀಸಿನ ರೂಢಿ. ನನಗೆ ಜಾಸ್ತಿ ಭಯ ಆಗೋದೇ ಇಂಥದ್ದಕ್ಕೆ.

ಔಶ್‌ವಿಟ್ಜ್‌ನಲ್ಲಿ ಕೈದಿಯಾಗಿದ್ದು ಬದುಕಿ ಬಂದ ಹರ್ಮನ್ ಲಾಂಗ್‌ಬೈನ್ ಅನ್ನುವವರು ಅಳಿಸಬೇಡಿ ಅಂತ ಪಟ್ಟು ಹಿಡಿದರು. ಹೆಸ್ಸೆ ರಾಜ್ಯದ ನ್ಯಾಯಮಂತ್ರಿ ಲಾರಿಟ್ಸನ್ ಒಪ್ಪಿಕೊಂಡರು. ಹಾಗೆ ಉಳಿದದ್ದು 103 ಟೇಪು, 430 ಗಂಟೆ, 319 ಸಾಕ್ಷಿಗಳು. ಅವರಲ್ಲಿ 181 ಮಂದಿ ಆ ನರಕದಿಂದ ಬದುಕಿ ಬಂದವರು. ಟೇಪುಗಳು ಈಗ ವೀಸ್‌ಬಾಡೆನ್‌ನ ಸರ್ಕಾರಿ ದಫ್ತರಖಾನೆಯಲ್ಲಿವೆ. 2013ರಿಂದ ಇಂಟರ್ನೆಟ್‌ನಲ್ಲೂ ಕೇಳಬಹುದು. 2017ರಲ್ಲಿ ಯುನೆಸ್ಕೋ ತನ್ನ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿಕೊಂಡಿತು.

ಎರಡನೇ ಮಹಾಯುದ್ಧ ಮುಗಿದ ಕೂಡಲೇ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನ ಕತೆ ಬೇರೆ. ಅಲ್ಲಿ ಬರಹವೂ ಇದೆ, ಹೇಗ್ ನಗರದಲ್ಲಿಟ್ಟಿರುವ 1,942 ಗ್ರಾಮಫೋನ್ ತಟ್ಟೆಗಳಲ್ಲಿ 775 ಗಂಟೆಯ ಧ್ವನಿಯೂ ಇದೆ. ಆದರೆ ತಟ್ಟೆ ಹಾಕಿದಷ್ಟು ಸಲ ಮುಳ್ಳು ಅದನ್ನು ಸವೆಸುತ್ತದೆ, ಹಾಕದೇ ಇಟ್ಟರೆ ಯಾರಿಗೂ ಕೇಳುವುದಿಲ್ಲ. ಅದಕ್ಕೇ ಡಿಜಿಟಲ್ ಪ್ರತಿ ಮಾಡಬೇಕಾಯಿತು.

ಬರಹದಲ್ಲಿ ಸಿಗದ್ದು ಧ್ವನಿಯಲ್ಲಿ ಏನಿದೆ ಅಂತ ತಾನೇ ನಿಮ್ಮ ಮುಂದಿನ ಪ್ರಶ್ನೆ? ಫ್ರಾಂಕ್‌ಫರ್ಟ್‌ನ ಮುಖ್ಯ ನ್ಯಾಯಾಧೀಶ ಹಾನ್ಸ್ ಹೋಫ್‌ಮೇಯರ್ ಬಿಗಿ ಮನುಷ್ಯ, ಭಾವನೆ ತೋರಿಸುವವರಲ್ಲ. ತೀರ್ಪು ಓದಿ ಮುಗಿಸುವ ಹೊತ್ತಿಗೆ, ಇನ್ನು ಮೇಲೆ ನಗುವ ಮಗುವಿನ ಕಣ್ಣು ನೋಡಿದಾಗಲೆಲ್ಲ ಔಶ್‌ವಿಟ್ಜ್‌ನಲ್ಲಿ ಕೊನೇ ದಾರಿ ನಡೆದ ಮಕ್ಕಳ ಹೆದರಿದ ಕಣ್ಣೂ ಕಾಣುತ್ತದೆ ಅನ್ನುವ ಅರ್ಥದ ಮಾತು ಹೇಳುತ್ತಾ ಅವರ ಗಂಟಲು ಕಟ್ಟುತ್ತದೆ. ನನಗೆ ಜರ್ಮನ್ ಒಂದಕ್ಷರ ಬರೋದಿಲ್ಲ. ಆದರೂ ಟೇಪ್ ಕೇಳಿದಾಗ ಅವರ ಗಂಟಲು ಕಟ್ಟಿದ್ದು ಎಲ್ಲಿ ಅಂತ ಗೊತ್ತಾಯಿತು.

ಪತ್ರದ ಕೊನೆಯಲ್ಲಿ ನಿಮ್ಮ ತಂದೆಯವರ ದನಿ ಇರುವ ಕ್ಯಾಸೆಟ್ ವಿಷಯ ಬರೆದಿದ್ದೀರಿ. ನಮ್ಮಜ್ಜಿಯ ಸೋಬಾನೆ ಪದಗಳ ಮೇಲೆ ನಾನೇ ಹೈಸ್ಕೂಲಿನಲ್ಲಿದ್ದಾಗ ರೇಡಿಯೋದ ಸಿನಿಮಾ ಹಾಡು ರೆಕಾರ್ಡ್ ಮಾಡಿಬಿಟ್ಟೆ. ಅಜ್ಜಿ ಏನೂ ಅನ್ನಲಿಲ್ಲ. ನೀವು ಇವತ್ತೇ ಆ ಕ್ಯಾಸೆಟ್ಟಿನ ಹಿಂದಿನ ಅಂಚಿನಲ್ಲಿರುವ ಎರಡೂ ಪುಟ್ಟ ಪ್ಲಾಸ್ಟಿಕ್ ಚೂರು ಮುರಿದುಬಿಡಿ, ಆಮೇಲೆ ಅದರ ಮೇಲೆ ರೆಕಾರ್ಡ್ ಆಗೋದಿಲ್ಲ. ಕಂಪ್ಯೂಟರಿಗೆ ಇಳಿಸುವ ಕೆಲಸ ಮುಂದಿನ ವಾರ ನೋಡೋಣ.