ಬಿಲ್ಡರ್ ದುಡ್ಡು ಕೊಟ್ಟ ಉತ್ಖನನ ವರದಿ ಯಾರದ್ದು? (ಇಂಗ್ಲೆಂಡ್)

ಮೇಡಂ, ನೀವು ಕೇಳಿದ್ದು ಎರಡು. ಬಿಲ್ಡರ್ ಬೇಡ ಅಂದರೂ ವರದಿಯನ್ನು ಕೌಂಟಿಯ ಎಚ್‌ಇಆರ್‌ಗೆ (ಆ ಪ್ರದೇಶದ ಪುರಾತತ್ವ ದಾಖಲೆಗಳ ಸಂಗ್ರಹ) ಕೊಡಬಹುದಾ, ಮತ್ತು ಬೇರೆ ಕಂಪನಿಯ ಟ್ರೆಂಚ್ ಪ್ಲಾನ್ (ಅಗೆದ ಗುಂಡಿಯ ನಕ್ಷೆ) ನಿಮ್ಮ ಲೇಖನಕ್ಕೆ ಹಾಕಬಹುದಾ ಅಂತ. ಕಾಪಿರೈಟ್ ಬೇರೆ, ಗೌಪ್ಯತೆ ಬೇರೆ. ಎರಡನ್ನೂ ಒಂದೇ ಅಂದುಕೊಂಡಾಗಲೇ ಜಗಳ ಶುರುವಾಗೋದು.

ಮೊದಲು ಕಾಪಿರೈಟ್. ಅಲ್ಲಿನ 1988ರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಬರೆದವರೇ ಮೊದಲ ಮಾಲೀಕರು. ನೌಕರಿಯ ಭಾಗವಾಗಿ ಬರೆದಿದ್ದರೆ ಅವರ ಉತ್ಖನನ ಕಂಪನಿ. ದುಡ್ಡು ಕೊಟ್ಟ ಮಾತ್ರಕ್ಕೆ ಬಿಲ್ಡರ್‌ಗೆ ಹಕ್ಕು ಬರಲ್ಲ. ನಮ್ಮ 1957ರ ಕಾಯ್ದೆಯಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊ ತೆಗೆಸಿದವರದ್ದೇ; ಆ ಲೆಕ್ಕ ಅಲ್ಲಿ ನಡೆಯಲ್ಲ. ಹಕ್ಕು ಕೈ ಬದಲಾಗಬೇಕಾದರೆ ಬರಹದಲ್ಲಿ ಇರಬೇಕು, ಕೊಡುವವರ ಸಹಿ ಬೇಕು. ಹಾಗಾಗಿ "ಎಲ್ಲ ಹಕ್ಕುಗಳೂ ಗ್ರಾಹಕರಿಗೆ" ಎಂಬ ಸಾಲು ಕರಾರಿನಲ್ಲಿದ್ದರೆ ಸಹಿಗೆ ಮೊದಲೇ ತೆಗೆಸಿ, "ಈ ಯೋಜನೆಗೆ ಬಳಸಲು ಪರವಾನಗಿ" ಎಂದು ಬರೆಸಿ. ಮಡಕೆ ಚೂರು, ಮೂಳೆ ನೋಡುವ ಫ್ರೀಲಾನ್ಸ್ ತಜ್ಞರ ಹಕ್ಕು ಅವರಲ್ಲೇ ಉಳಿಯುತ್ತೆ. ಕೆಲಸ ಒಪ್ಪಿಸುವಾಗಲೇ ಅವರಿಂದಲೂ ಲಿಖಿತ ಒಪ್ಪಿಗೆ ತಗೊಳ್ಳಿ, ಆಮೇಲೆ ಹುಡುಕಿದರೆ ಸಿಗಲ್ಲ.

ಗೌಪ್ಯತೆ ಕರಾರಿನಿಂದ ಬರೋದು. ಕಾಪಿರೈಟ್ ನಿಮ್ಮದೇ ಆದರೂ ಬಾಯಿ ಕಟ್ಟಿರಬಹುದು. ಜಮೀನು ಕೊಳ್ಳುವ ಮುಂಚೆ ಮಾಡಿಸಿದ ಪರೀಕ್ಷಾ ಟ್ರೆಂಚ್ ಆದರೆ ಬಿಲ್ಡರ್ ಗುಟ್ಟು ಕೇಳೋದು ನ್ಯಾಯವೇ. ಆದರೆ ಅದಕ್ಕೆ ಕೊನೆ ದಿನ ಇರಲೇಬೇಕು: "ವರದಿ ಕೊಟ್ಟ 6 ತಿಂಗಳು ಅಥವಾ ಪ್ಲಾನಿಂಗ್ ಅರ್ಜಿ ಹಾಕುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ, ನಂತರ ಎಚ್‌ಇಆರ್ ಮತ್ತು ಒಯಾಸಿಸ್‌ಗೆ." ಒಯಾಸಿಸ್ ಅಂದರೆ ಉತ್ಖನನ ವರದಿಗಳನ್ನು ಸೇರಿಸುವ ಆನ್‌ಲೈನ್ ವ್ಯವಸ್ಥೆ. ಇದೇ ವಾಕ್ಯ ಡಬ್ಲ್ಯೂಎಸ್‌ಐನಲ್ಲೂ (ಉತ್ಖನನ ಹೇಗೆ ಮಾಡ್ತೀವಿ ಅಂತ ಮೊದಲೇ ಬರೆದುಕೊಡುವ ಯೋಜನೆ) ಇರಲಿ, ಏಕೆಂದರೆ ಸ್ಥಳೀಯ ಕೌನ್ಸಿಲ್ ಒಪ್ಪೋದು ಅದನ್ನು, ನಿಮ್ಮ ಕರಾರನ್ನಲ್ಲ. ಪ್ಲಾನಿಂಗ್ ಷರತ್ತಿನ (ಕಟ್ಟಡಕ್ಕೆ ಅನುಮತಿ ಕೊಡುವಾಗ ಕೌನ್ಸಿಲ್ ಹಾಕುವ ಷರತ್ತು) ಮೇಲೆ ಮಾಡಿದ ಕೆಲಸವಾದರೆ ವರದಿ ಕೌನ್ಸಿಲ್‌ಗೆ ಹೋಗದೆ ಷರತ್ತು ತೀರಲ್ಲ. ಇದನ್ನು ಬಿಲ್ಡರ್‌ಗೆ ಮೊದಲ ಮೀಟಿಂಗಿನಲ್ಲೇ ಹೇಳಿ. ಕೌನ್ಸಿಲ್ ಕೈಗೆ ಬಂದ ಮೇಲೆ 2004ರ ಪರಿಸರ ಮಾಹಿತಿ ನಿಯಮಗಳಡಿ ಯಾರು ಬೇಕಾದರೂ ಕೇಳಬಹುದು, ಸಾಮಾನ್ಯವಾಗಿ 20 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. "ಗೌಪ್ಯ" ಎಂಬ ಸೀಲ್ ಒಂದೇ ಅದನ್ನು ತಡೆಯಲ್ಲ. ನಾಣ್ಯ ಸಿಕ್ಕ ಜಾಗಕ್ಕೆ ರಾತ್ರಿ ಮೆಟಲ್ ಡಿಟೆಕ್ಟರ್ ಹಿಡಿದು ಬರುವ ಕಳ್ಳರ ಭಯವಿದ್ದರೆ ಇಡೀ ವರದಿ ಮುಚ್ಚಿಡಬೇಡಿ, ನಕ್ಷೆಯಲ್ಲಿ ಜಾಗ ತೋರಿಸುವ ಗ್ರಿಡ್ ನಂಬರ್ ಮಾತ್ರ ಮರೆಮಾಡಿ.

ಇನ್ನು ಟ್ರೆಂಚ್ ಪ್ಲಾನ್. ಎಚ್‌ಇಆರ್‌ನವರು ಪ್ರತಿ ಕೊಟ್ಟರು ಅಂದರೆ ಅಚ್ಚು ಹಾಕಲು ಅನುಮತಿ ಸಿಕ್ಕಿತು ಅಂತಲ್ಲ. ಅಳತೆ, ಆಳ, ಕಾಲ ಇವು ಸಂಗತಿಗಳು, ಮೂಲ ಹೇಳಿ ಧಾರಾಳವಾಗಿ ಬಳಸಿ. ಚಿತ್ರ ಬೇಕಾದರೆ ಆ ಕಂಪನಿಗೆ ಇಮೇಲ್ ಹಾಕಿ, ಯಾವ ಚಿತ್ರ, ಎಲ್ಲಿ ಪ್ರಕಟಣೆ ಅಂತ ಬರೆದು ಲಿಖಿತ ಒಪ್ಪಿಗೆ ಇಟ್ಟುಕೊಳ್ಳಿ. ಮೇಲೆ ಹಾಳೆ ಇಟ್ಟು ಗೆರೆ ಎಳೆದರೂ ಅದು ನಕಲೇ. ಹಿನ್ನೆಲೆಯಲ್ಲಿ ಆರ್ಡ್‌ನನ್ಸ್ ಸರ್ವೆ (ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ) ನಕ್ಷೆ ಇದೆಯಾ ನೋಡಿ. ಅದಕ್ಕೆ ಬೇರೆಯೇ ಪರವಾನಗಿ ಬೇಕಾಗುತ್ತೆ, ಕಂಪನಿ ಹೂಂ ಅಂದರೆ ಸಾಲದು.