ಹಳೇ ಮಡಿಕೇರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಡಿಕೇರಿ ಎಂದರೆ ಎಲ್ಲರೂ ಜೀಪು ಹತ್ತಿ ಊರಾಚೆ ಹೋಗುತ್ತಾರೆ. ಕೋಟೆ, ಮಹದೇವಪೇಟೆ, ರಾಜರ ಸಮಾಧಿಗಳಿರುವ ಗದ್ದಿಗೆ, ಸೂರ್ಯಾಸ್ತ ನೋಡುವ ರಾಜಾಸೀಟು ಇರುವ ಹಳೇ ಊರಿನ ಬಗ್ಗೆ ಈ ಸಲ ಪ್ರಶ್ನೆಗಳು ಬಂದಿರುವುದು ನಮಗೆ ನಿಜಕ್ಕೂ ಸಂತೋಷ ತಂದಿದೆ.

ಪ್ರಶ್ನೆ: ಮೈಸೂರಿನಿಂದ ಬೆಳಿಗ್ಗೆ ಬಸ್ಸಿಗೆ ಬಂದು ರಾತ್ರಿ ವಾಪಸಾಗಬೇಕು. ಜೊತೆಗೆ 68 ವರ್ಷದ ಅಮ್ಮ ಇರುತ್ತಾರೆ, ಅವರಿಗೆ ಮಂಡಿನೋವು. ಯಾವುದನ್ನು ಮೊದಲು ನೋಡಬೇಕು? (ಓದುಗರೊಬ್ಬರು, ನಂಜನಗೂಡು)

ಉತ್ತರ: ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಬಸ್ಸಿಗೆ ಮೂರೂವರೆ ಗಂಟೆ ಹಿಡಿಯಿರಿ. ಆರು ಗಂಟೆಗೆ ಹೊರಟರೆ ಒಂಬತ್ತೂವರೆಗೆ ಇಳಿಯುತ್ತೀರಿ. ಹೆಚ್ಚಿನವರು ಬಸ್ಸಿಳಿದ ಕೂಡಲೇ ರಾಜಾಸೀಟಿಗೆ ಹೋಗಿಬಿಡುತ್ತಾರೆ. ಬಿಸಿಲೇರಿದ ಮೇಲೆ ಅಲ್ಲಿ ನೋಡಲು ಅಂಥದ್ದೇನೂ ಇರುವುದಿಲ್ಲ. ಆಮೇಲೆ ಓಂಕಾರೇಶ್ವರಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿ ಬಾಗಿಲು ಹಾಕಿರುತ್ತಾರೆ. ಅರ್ಧ ದಿನ ಹೀಗೇ ಕೈತಪ್ಪುತ್ತದೆ.

ಆದ್ದರಿಂದ ದೇವಸ್ಥಾನ ಮೊದಲು. ಬಸ್ ನಿಲ್ದಾಣದಿಂದ ಒಂದು ಕಿ.ಮೀ. ಆಸುಪಾಸು, ಆದರೆ ಇಳಿಜಾರು, ಅಮ್ಮನಿಗೆ ಆಟೋ ಮಾಡಿ. ಕೊಡಗಿನ ದೊರೆ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ದೇವಸ್ಥಾನವಿದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಗೋಪುರಗಳು, ಎದುರಿಗೆ ಕಲ್ಯಾಣಿ, ಅದರ ಮಧ್ಯದಲ್ಲೊಂದು ಮಂಟಪ. ಬಾಗಿಲ ಚೌಕಟ್ಟಿನಲ್ಲಿ ಕಟ್ಟಿಸಿದ ವಿವರ ಕೆತ್ತಿದ ತಾಮ್ರದ ತಗಡಿದೆ, ಒಂದು ನಿಮಿಷ ನಿಂತು ನೋಡಿ. ಕಲ್ಯಾಣಿ ಸುತ್ತಿನ ಕಲ್ಲು ಬೆಳಗಿನ ಹೊತ್ತು ಒದ್ದೆ ಇರುತ್ತದೆ. ಬರಿಗಾಲಿನಲ್ಲಿ ಇಳಿಯುವಾಗ ಅಮ್ಮನ ಕೈ ಹಿಡಿದೇ ಇಳಿಸಿ. ಕಾಲುಚೀಲ ಹಾಕಿಕೊಂಡರೆ ಇನ್ನೂ ಜಾರುತ್ತದೆ.

ಹನ್ನೊಂದರ ಹೊತ್ತಿಗೆ ಕೋಟೆ. ಆಟೋದವರಿಗೆ ಒಳಗಡೆ ತನಕ ಬಿಡಲು ಕೇಳಿ, ಹೆಬ್ಬಾಗಿಲ ಏರು ಮಂಡಿಗೆ ಕಷ್ಟ. ಮುದ್ದುರಾಜ 1681ರಲ್ಲಿ ಊರು ಕಟ್ಟಿದಾಗ ಇಲ್ಲಿದ್ದದ್ದು ಮಣ್ಣಿನ ಕೋಟೆ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ಮತ್ತೆ ವಶಪಡಿಸಿಕೊಂಡ. ಒಳಗಿನ ಅರಮನೆ 1812ರಿಂದ 14ರವರೆಗೆ ಲಿಂಗರಾಜೇಂದ್ರ ಕಟ್ಟಿಸಿದ್ದು. ಇಂಗ್ಲಿಷರ ವಿರುದ್ಧ ಎದ್ದ ಅಮರಸುಳ್ಯ ದಂಗೆಯ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದೂ ಈ ಕೋಟೆಯಲ್ಲೇ. ಕೋಟೆಗೆ ಬಂದವರು ಅಲ್ಲಿನ ಗಾರೆ ಆನೆಯ ಪಕ್ಕ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅಪ್ಪಯ್ಯ ಗೌಡರನ್ನು ನೆನೆಯದೆ ಇಲ್ಲಿಂದ ಇಳಿಯಬಾರದು ಎಂಬುದು ನಮ್ಮ ಮನಸ್ಸು.

ಕೋಟೆಯೊಳಗಿನ ಹಳೇ ಇಗರ್ಜಿ ಈಗ ಮ್ಯೂಸಿಯಂ. ಜೈನ ಶಿಲ್ಪ, ವೀರಗಲ್ಲು, ಆಯುಧಗಳಿವೆ, ಮುಕ್ಕಾಲು ಗಂಟೆ ಸಾಕು. ಸೋಮವಾರ ರಜೆ, ಆ ದಿನ ಬಿಟ್ಟು ಹೊರಡಿ.

ಊಟ ಮುಗಿಸಿ ಎರಡೂವರೆಗೆ ಆಟೋದಲ್ಲಿ ಗದ್ದಿಗೆ, ಐದಕ್ಕೆ ರಾಜಾಸೀಟು. ಮಧ್ಯೆ ಸಮಯ ಉಳಿದರೆ ಜನರಲ್ ತಿಮ್ಮಯ್ಯ ಮ್ಯೂಸಿಯಂ. ಅಬ್ಬಿ ಜಲಪಾತವನ್ನು ಈ ಪಟ್ಟಿಯಿಂದ ಬಿಟ್ಟುಬಿಡಿ. ಅದು ಎಂಟು ಕಿ.ಮೀ. ದೂರ, ಕಾಫಿ ತೋಟದ ನಡುವೆ ಮೆಟ್ಟಿಲಿಳಿದು ಹೋಗಬೇಕು. ಇಳಿಯುವಾಗ ಏನೂ ಅನಿಸುವುದಿಲ್ಲ, ವಾಪಸ್ ಹತ್ತುವಾಗ ಮಂಡಿ ಹಿಡಿಯುತ್ತದೆ.

ಪ್ರಶ್ನೆ: ಗದ್ದಿಗೆಯ ಫೋಟೋ ನೋಡಿದರೆ ಥೇಟ್ ದರ್ಗಾದಂತೆ ಕಾಣುತ್ತದೆ. ಕೊಡಗಿನ ರಾಜರು ಲಿಂಗಾಯತರಲ್ಲವೇ? ಒಳಗೆ ಏನಿದೆ? (ಓದುಗರು, ಹಾಸನ)

ಉತ್ತರ: ಒಳ್ಳೆಯ ಪ್ರಶ್ನೆ. ಕೊಡಗನ್ನಾಳಿದ ಹಾಲೇರಿ ವಂಶದವರು ವೀರಶೈವರು. ಅವರಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಹೂಳಿದ ಜಾಗದ ಮೇಲೆ ಲಿಂಗ ಸ್ಥಾಪಿಸಿ ಪೂಜೆ ನಡೆಸುತ್ತಾರೆ, ಅದೇ ಗದ್ದಿಗೆ. ಅಂದರೆ ಹೊರಗಿನ ಗುಮ್ಮಟ ಕಂಡು ಸಮಾಧಿ ಅಂದುಕೊಂಡವರಿಗೂ, ಒಳಗಿನ ಲಿಂಗ ಕಂಡು ಗುಡಿ ಅಂದುಕೊಂಡವರಿಗೂ ಪೂರ್ತಿ ಸಿಕ್ಕಿಲ್ಲ. ಎರಡೂ ಒಂದೇ ಕಟ್ಟಡದಲ್ಲಿವೆ.

ಗುಮ್ಮಟದ ಶೈಲಿ ಆ ಕಾಲದಲ್ಲಿ ಈ ಸೀಮೆಯಲ್ಲಿ ಚಾಲ್ತಿಯಲ್ಲಿತ್ತು. ಶ್ರೀರಂಗಪಟ್ಟಣದ ಗುಂಬಜ್ ನೋಡಿದವರಿಗೆ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರನ ಗದ್ದಿಗೆಯ ಮೇಲೂ ಅದೇ ಬಗೆಯ ಗುಮ್ಮಟ ಎದ್ದಿದೆ. ವ್ಯತ್ಯಾಸ ಕಾಣಬೇಕಾದರೆ ತಲೆಯೆತ್ತಿ ಮೂಲೆಗಳನ್ನು ನೋಡಿ, ಅಲ್ಲಿ ಬಸವ ಕೂತಿದ್ದಾನೆ.

ಅಕ್ಕಪಕ್ಕದಲ್ಲಿ ಒಂದೇ ಥರ ಕಾಣುವ ಎರಡು ದೊಡ್ಡ ಕಟ್ಟಡಗಳಿವೆ. ಒಂದರಲ್ಲಿ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ. ಮಹದೇವಪೇಟೆಗೆ ಹೆಸರು ಬಂದದ್ದು ಈ ರಾಣಿಯಿಂದ. ಇನ್ನೊಂದರಲ್ಲಿ ಲಿಂಗರಾಜೇಂದ್ರ ಮತ್ತು ರಾಣಿ ದೇವಮ್ಮಾಜಿ. ಲಿಂಗರಾಜೇಂದ್ರ ತೀರಿಕೊಂಡದ್ದು 1820ರಲ್ಲಿ, ಓಂಕಾರೇಶ್ವರ ಮುಗಿದ ವರ್ಷವೇ. ಬೆಳಿಗ್ಗೆ ಆ ದೇವಸ್ಥಾನ, ಮಧ್ಯಾಹ್ನ ಈ ಗದ್ದಿಗೆ ನೋಡಿದರೆ ಎರಡೂ ಒಂದೇ ಕಾಲದ ಕೈಕೆಲಸ ಎನ್ನುವುದು ಯಾರೂ ಹೇಳದೆ ಗೊತ್ತಾಗುತ್ತದೆ. ಪಕ್ಕದ ಚಿಕ್ಕ ಗದ್ದಿಗೆ ರಾಜಗುರುವಿನದು, 1834ರದ್ದು. ಟಿಪ್ಪುವಿನ ಸೈನ್ಯದೊಂದಿಗೆ ಕಾದಾಡಿ ಮಡಿದ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯನ ಸಮಾಧಿಗಳೂ ಅಲ್ಲೇ ಹತ್ತಿರದಲ್ಲಿವೆ, ಅವನ್ನು ಬಿಟ್ಟು ಬರಬೇಡಿ. ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ಗದ್ದಿಗೆ ಇಲ್ಲಿಲ್ಲ. 1834ರಲ್ಲಿ ಪಟ್ಟ ಕಳೆದುಕೊಂಡ ಅವನನ್ನು ಇಂಗ್ಲಿಷರು ಕಾಶಿಗೆ ಕಳಿಸಿದರು, ತೀರಿಕೊಂಡದ್ದು ಲಂಡನ್ನಿನಲ್ಲಿ.

ಒಂದು ಕೋರಿಕೆ. ಗಾರೆ ಗೋಡೆಗೆ ಒರಗುವುದು, ಹೆಸರು ಗೀಚುವುದು ಬೇಡ. ಸುಣ್ಣದ ಗಾರೆ ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ನಿಧಾನವಾಗಿ ಬಿಡುತ್ತದೆ. ಮೇಲ್ಪದರದಲ್ಲಿ ಒಂದು ಗೀರು ಬಿದ್ದರೆ ಅಲ್ಲಿಂದಲೇ ನೀರಿಳಿದು, ಪಾಚಿ ಕಟ್ಟಿ, ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಇನ್ನೂ ಕೆಡುತ್ತದೆ. ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ, ಒಳಗಿನ ಸುಣ್ಣ ಪುಡಿಯಾಗಿ ಸಿಮೆಂಟಿನ ಪದರವೇ ತಗಡಿನಂತೆ ಕಳಚಿ ಬೀಳುತ್ತದೆ. ಮಡಿಕೇರಿ ಮಳೆಗೆ ಇನ್ನೂರು ವರ್ಷ ತಡೆದುಕೊಂಡ ಗೋಡೆಯಿದು, ಮೊಳೆಯ ಮೊನೆಗೆ ತಡೆಯುವುದಿಲ್ಲ.

ಪ್ರಶ್ನೆ: ಆರು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. ಇತಿಹಾಸ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೆ ಏನಿದೆ? (ಓದುಗರು, ಪುತ್ತೂರು)

ಉತ್ತರ: ಕೋಟೆಯ ಗಾರೆ ಆನೆಗಳು ಇದಕ್ಕೆಂದೇ ಇದ್ದ ಹಾಗಿವೆ. ನಿಜವಾದ ಆನೆಯಷ್ಟೇ ದೊಡ್ಡದಾಗಿ ಎರಡು ನಿಂತಿವೆ. ರಾಜನೊಬ್ಬ ಕೋಪದಲ್ಲಿ ಆನೆಗಳನ್ನು ಕೊಲ್ಲಿಸಿ ಆಮೇಲೆ ಪಶ್ಚಾತ್ತಾಪಪಟ್ಟು ಇವನ್ನು ಮಾಡಿಸಿದ ಎಂಬ ಕಥೆ ಊರಲ್ಲಿದೆ. ಅಲ್ಲೇ ನಿಂತು ಹೇಳಿ, ಚಿಕ್ಕವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಹತ್ತಿಸಿ ಕೂರಿಸುವುದು ಮಾತ್ರ ಬೇಡ.

ದೊಡ್ಡವನಿಗೆ ತಿಮ್ಮಯ್ಯ ಮ್ಯೂಸಿಯಂ ಹಿಡಿಸುತ್ತದೆ. 1906ರ ಮಾರ್ಚ್ 31ರಂದು ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಅಂಗಳದಲ್ಲಿ ಟ್ಯಾಂಕು, ಯುದ್ಧವಿಮಾನ ನಿಲ್ಲಿಸಿದ್ದಾರೆ. ಅಂಗಳ ಮೊದಲು ತೋರಿಸಿದರೆ ಮಕ್ಕಳನ್ನು ಒಳಗೆ ಕರೆದೊಯ್ಯುವುದು ಕಷ್ಟ. ಒಳಗಿನದ್ದು ಮುಗಿಸಿಯೇ ಹೊರಗೆ ಬಿಡಿ.

ರಾಜಾಸೀಟಿನ ಪುಟಾಣಿ ರೈಲು ನಂಬಿಕೊಂಡು ಮಕ್ಕಳಿಗೆ ಮಾತು ಕೊಡಬೇಡಿ. ಸಂಜೆಯ ಸಂಗೀತ ಕಾರಂಜಿಯೂ ಮಳೆ ಹಿಡಿದರೆ ಇಲ್ಲ.

ಪ್ರಶ್ನೆ: ರಾಜಾಸೀಟಿಗೆ ಎರಡು ಸಲ ಬಂದೆವು, ಎರಡು ಸಲವೂ ಬರೀ ಮಂಜು. ಸೂರ್ಯಾಸ್ತ ಕಾಣಲೇ ಇಲ್ಲ. ಯಾವಾಗ ಬರಬೇಕು? (ಓದುಗರು, ತುಮಕೂರು)

ಉತ್ತರ: ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ರಾಜಾಸೀಟಿನ ಮುಖ ಪಡುವಣಕ್ಕೆ. ಅರಬ್ಬೀ ಸಮುದ್ರದ ಒದ್ದೆ ಗಾಳಿ ಘಟ್ಟ ಹತ್ತಿ ಬರುತ್ತಾ ತಣಿದು, ಮೊದಲು ಮಂಜಾಗುವುದು ಇಂಥ ಅಂಚಿನಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಗಿನ ಕಣಿವೆಯೇ ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಜಾಸ್ತಿ. ಡಿಸೆಂಬರ್‌ನಿಂದ ಫೆಬ್ರವರಿ ನಂಬಬಹುದಾದ ಕಾಲ. ನವೆಂಬರ್ ಕೊನೆಯಲ್ಲಿ ಆರು ಗಂಟೆ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ಜನವರಿ ಕೊನೆಗೆ ಆರೂವರೆ. ಮುಕ್ಕಾಲು ಗಂಟೆ ಮೊದಲೇ ಹೋಗಿ ಕಂಬದ ಮಂಟಪದ ಎಡಬಲದ ಕಟ್ಟೆಯಲ್ಲಿ ಜಾಗ ಹಿಡಿಯಿರಿ. ಮುಳುಗಿದ ತಕ್ಷಣ ಏಳಬೇಡಿ. ಬೆಟ್ಟಗಳ ಸಾಲು ಒಂದರ ಹಿಂದೊಂದು ನೀಲಿಗಟ್ಟುವುದು ಆಮೇಲಿನ ಹದಿನೈದು ನಿಮಿಷದಲ್ಲಿ, ಆಗ ಎಲ್ಲರೂ ಎದ್ದು ಹೋಗಿ ಜಾಗವೂ ಖಾಲಿ ಇರುತ್ತದೆ. ಸ್ವೆಟರ್ ಕಾರಿನಲ್ಲಿ ಬಿಟ್ಟು ಬಂದಿರಬಾರದು ಅಷ್ಟೇ.

ಹೋಗುವ ದಾರಿಯಲ್ಲೇ ಗಾಂಧಿ ಮಂಟಪವಿದೆ. ಗಾಂಧೀಜಿ 1934ರ ಫೆಬ್ರವರಿಯಲ್ಲಿ ಮಡಿಕೇರಿಗೆ ಬಂದಿದ್ದರು.

ಪ್ರಶ್ನೆ: ನಮಗೆ ರಜೆ ಸಿಗುವುದೇ ಜುಲೈನಲ್ಲಿ. ಬರಬಹುದೇ? (ಓದುಗರು, ಬೆಂಗಳೂರು)

ಉತ್ತರ: ಬನ್ನಿ, ಆದರೆ ನೋಟ ಬಯಸಿ ಬರಬೇಡಿ. ಓಂಕಾರೇಶ್ವರ, ಎರಡು ಮ್ಯೂಸಿಯಂ, ಗದ್ದಿಗೆ ಮಳೆಯಲ್ಲೂ ಆಗುತ್ತವೆ. ಗಾಳಿಮಳೆಗೆ ಕೊಡೆ ಮಗುಚಿಕೊಳ್ಳುತ್ತದೆ, ರೈನ್‌ಕೋಟೇ ಬೇಕು. ತಳ ಸವೆದ ಚಪ್ಪಲಿ ಹಾಕಿ ಕೋಟೆ ಗೋಡೆಯಂಚಿಗೆ ಹೋಗಬೇಡಿ, ಪಾಚಿಗಟ್ಟಿದ ಕಲ್ಲು ಸೋಪಿನಂತೆ ಜಾರುತ್ತದೆ. ಹುಲ್ಲಿನಲ್ಲಿ ಜಿಗಣೆ ಇರುತ್ತವೆ. ಹತ್ತಿದರೆ ಎಳೆದು ಕೀಳಬೇಡಿ, ಗಾಯ ದೊಡ್ಡದಾಗಿ ರಕ್ತ ನಿಲ್ಲುವುದು ತಡವಾಗುತ್ತದೆ. ಉಗುರಿನಿಂದ ಅದರ ಬಾಯಿಯ ಬುಡಕ್ಕೆ ಮೆಲ್ಲಗೆ ಸರಿಸಿ ಬಿಡಿಸಿ, ಸೋಪು ಹಾಕಿ ತೊಳೆದು ಒತ್ತಿ ಹಿಡಿಯಿರಿ. ಭಾರೀ ಮಳೆಯ ಮುನ್ಸೂಚನೆ ಇದ್ದ ದಿನ ಘಟ್ಟದ ಪ್ರಯಾಣ ಮುಂದಕ್ಕೆ ಹಾಕುವುದೇ ಸರಿ, ಮಣ್ಣು ಕುಸಿದರೆ ಗಂಟೆಗಟ್ಟಲೆ ರಸ್ತೆಯಲ್ಲೇ ಕಾಯಬೇಕಾಗುತ್ತದೆ.

ಪ್ರಶ್ನೆ: ದಸರಾದ ದಶಮಂಟಪ ನೋಡಲು ಅತ್ತೆ ಮಾವನನ್ನು ಕರೆತರುವ ಆಸೆ. ರಾತ್ರಿಯಿಡೀ ನಿಲ್ಲಬೇಕಂತೆ, ಹೌದೇ? (ಓದುಗರು, ಕುಶಾಲನಗರ)

ಉತ್ತರ: ಹೌದು. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಹೊರಡುತ್ತವೆ: ಪೇಟೆ ಶ್ರೀರಾಮಮಂದಿರ, ದೇಚೂರು ಶ್ರೀರಾಮಮಂದಿರ, ಕೋದಂಡರಾಮ, ಕೋಟೆ ಗಣಪತಿ, ಚೌಡೇಶ್ವರಿ, ಕರವಲೆ ಭಗವತಿ, ಜೊತೆಗೆ ಕರಗ ಹೊರಡುವ ನಾಲ್ಕು ದೇವಸ್ಥಾನಗಳದ್ದು: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ. ಟ್ರ್ಯಾಕ್ಟರ್ ಮೇಲೆ ಕಟ್ಟಿದ ಆಳೆತ್ತರದ ಮೂರ್ತಿಗಳು ಬೆಳಕು, ಶಬ್ದದೊಂದಿಗೆ ಪುರಾಣದ ಕಥೆಯಾಡುತ್ತವೆ. ಪ್ರತಿ ಮಂಟಪವೂ ದಾರಿಯಲ್ಲಿ ಕೆಲವು ಕಡೆ ನಿಂತು ಪೂರ್ತಿ ಕಥೆ ತೋರಿಸುತ್ತದೆ. ರಂಗೇರುವುದು ನಡುರಾತ್ರಿ ದಾಟಿದ ಮೇಲೆ, ಮುಗಿಯುವುದು ಬೆಳಗಿನ ಜಾವ.

ಹಿರಿಯರಿಗೆ ಕಷ್ಟವಾಗುವುದು ನಿಲ್ಲುವುದಕ್ಕಿಂತ ಶಬ್ದ. ಎದೆ ನಡುಗುವಷ್ಟು ಜೋರಿರುತ್ತದೆ. ಹೃದಯದ ತೊಂದರೆ ಇರುವವರನ್ನು ರಸ್ತೆಯಂಚಿನಲ್ಲಿ ನಿಲ್ಲಿಸಲೇಬೇಡಿ. ನೆಂಟರೋ ಪರಿಚಯದವರೋ ಇರುವ ಮಹಡಿ ಸಿಕ್ಕಿದರೆ ಮೊದಲೇ ಹೇಳಿಟ್ಟುಕೊಳ್ಳಿ. ಕಿವಿಗೆ ಹತ್ತಿ, ಒಂದು ಶಾಲು, ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಕಾರನ್ನು ಸಂಜೆಯೇ ಊರ ಹೊರಗೆ ನಿಲ್ಲಿಸಿ, ಮುಖವನ್ನು ಕುಶಾಲನಗರದ ಕಡೆಗೆ ತಿರುಗಿಸಿ. ಒಳಗೆ ಸಿಕ್ಕಿಬಿದ್ದ ಗಾಡಿ ಬೆಳಗಾಗುವ ತನಕ ಹೊರಡುವುದಿಲ್ಲ.

ಅತ್ತೆ ಮಾವನಿಗೆ ಇದಕ್ಕಿಂತ ಒಗ್ಗುವುದು ಕರಗ. ನವರಾತ್ರಿಯ ಮೊದಲ ದಿನ ಪಂಪಿನಕೆರೆಯಲ್ಲಿ ಕರಗ ಕಟ್ಟಿ ಹೊರಡಿಸುತ್ತಾರೆ, ಆಮೇಲೆ ಮನೆಮನೆಗೆ ಬಂದು ಪೂಜೆ ತೆಗೆದುಕೊಳ್ಳುತ್ತವೆ. ನಮ್ಮನ್ನು ಕೇಳಿದರೆ ಮಡಿಕೇರಿ ದಸರಾದ ಜೀವ ಇರುವುದು ಅದರಲ್ಲೇ.

ಪ್ರಶ್ನೆ: ಊರಿಗೆ ಒಯ್ಯಲು ಕಾಫಿಪುಡಿ, ಕಾಳುಮೆಣಸು, ಅಡುಗೆಗೆ ಬಳಸುವ ಕೊಡಗಿನ ಹುಳಿರಸ ಕಾಚಂಪುಳಿ ಕೊಳ್ಳಬೇಕು. ಮೋಸ ಹೋಗದಿರುವುದು ಹೇಗೆ? (ಓದುಗರು, ದಾವಣಗೆರೆ)

ಉತ್ತರ: ಶುಕ್ರವಾರ ಮಡಿಕೇರಿ ಸಂತೆ, ಆ ದಿನ ಬಂದರೆ ಆಯ್ಕೆ ಹೆಚ್ಚು.

ಕಾಫಿಪುಡಿ ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ನಮೂದಿಸಿರಲೇಬೇಕು. ಕಾಯ್ದೆ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಹೆಚ್ಚಿನ ಮನೆಗಳಿಗೆ 80:20 ಹಿಡಿಸುತ್ತದೆ. ಎದುರಿಗೇ ಬೀಸಿ ಕೊಡುವ ಅಂಗಡಿಯಲ್ಲಿ ಕಾಲು ಕಿಲೋ ಮಾತ್ರ ಕೊಳ್ಳಿ. ಬೀಸಿದ ಪುಡಿಯ ಘಮ ಎರಡು ಮೂರು ವಾರ ದಾಟಿದರೆ ಇಳಿಯುತ್ತದೆ.

ಮೆಣಸನ್ನು ನೀರಿಗೆ ಹಾಕಿ ನೋಡಿ, ಜೊಳ್ಳು ಮತ್ತು ಪಪ್ಪಾಯಿ ಬೀಜ ತೇಲುತ್ತವೆ. ವ್ಯಾಪಾರಿಗಳು ನೋಡುವುದು ಲೀಟರ್ ತೂಕ. ಒಂದು ಲೀಟರ್ ಅಳತೆಗೆ 500 ಗ್ರಾಂಗಿಂತ ಕಡಿಮೆ ತೂಗಿದರೆ ಕಾಳು ಬಲಿತಿಲ್ಲ ಎಂದೇ ಅರ್ಥ.

ಕಾಚಂಪುಳಿಯಲ್ಲಿ ಮೋಸ ಜಾಸ್ತಿ. ಕಳಿತ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಇಳಿದ ರಸವನ್ನು ಕಪ್ಪಗೆ ಮಂದವಾಗುವ ತನಕ ಕುದಿಸಿ ಮಾಡುತ್ತಾರೆ. ಬಾಟಲಿ ಓರೆ ಮಾಡಿ ನೋಡಿ. ಒಳ್ಳೆಯದು ಗಾಜಿಗೆ ಅಂಟಿಕೊಂಡು ನಿಧಾನವಾಗಿ ಜಾರುತ್ತದೆ, ನೀರು ಬೆರೆಸಿದ್ದು ಸರ್ರನೆ ಹರಿದು ಗಾಜು ಸ್ವಚ್ಛವಾಗುತ್ತದೆ. ಒಂದು ಕಿಲೋ ಮಾಂಸಕ್ಕೆ ಎರಡು ಟೀ ಚಮಚ ಸಾಕು, ಅದೂ ಬೆಂದು ಇಳಿಸುವ ಮುಂಚೆ. ಒಣ ಚಮಚ ಬಳಸಿದರೆ ವರ್ಷಗಟ್ಟಲೆ ಕೆಡುವುದಿಲ್ಲ.

ಚಳಿಗಾಲದಲ್ಲಿ ಬಂದರೆ ಕೊಡಗಿನ ಕಿತ್ತಳೆ ಹುಡುಕಿ. ಸಿಪ್ಪೆ ಸಡಿಲ, ಬಣ್ಣ ಹಸಿರು ಬೆರೆತ ಹಳದಿ. ಕೆಂಪಗೆ ಹೊಳೆಯುವ ಹಣ್ಣು ಕೊಟ್ಟು ಇಲ್ಲಿಯದೇ ಎಂದರೆ ಮುಂದಿನ ಅಂಗಡಿಗೆ ಹೋಗಿ.