ಓದುಗರ ಪ್ರಶ್ನೆ: ಹಾಡುಗಾರ ಎಲ್ಲಿ ಹೋದ?

ಪ್ರಶ್ನೆ: ಬ್ರಿಟನ್ನಿನ ಪಾಪ್ ಸಂಗೀತ ತಂಡ ‘ಟಾಕ್ ಟಾಕ್’ನ ಹಾಡುಗಾರ ಮಾರ್ಕ್ ಹಾಲಿಸ್ ಜನಪ್ರಿಯತೆಯ ತುತ್ತತುದಿಯಲ್ಲಿದ್ದಾಗಲೇ ಏಕೆ ಮರೆಯಾದರು? ಅವರ ಯಾವ ಆಲ್ಬಮ್ ಮೊದಲು ಕೇಳಬೇಕು?

ಉತ್ತರ: ಮರೆಯಾಗುವ ಮೊದಲು ಅವರು ಮಾಡಿದ ಕೆಲಸ ನೋಡಿ! 1982ರ ಮೊದಲ ಆಲ್ಬಮ್ ಸಿಂಥಸೈಜರ್ (ವಿದ್ಯುನ್ಮಾನ ವಾದ್ಯ) ಮಯ. ಆ ಕಾಲದ ‘ನ್ಯೂ ವೇವ್’ ಎಂಬ ಪಾಪ್ ಶೈಲಿಯ ತಂಡಗಳ ಸಾಲಿನಲ್ಲಿ ಇನ್ನೊಂದು, ಅಷ್ಟೇ. 1984ರ ‘ಇಟ್ಸ್ ಮೈ ಲೈಫ್’ ಹೆಸರು ತಂದಿತು. 1986ರ ‘ದಿ ಕಲರ್ ಆಫ್ ಸ್ಪ್ರಿಂಗ್’ ಚೆನ್ನಾಗಿ ಮಾರಾಟವಾಯಿತು. ಬೇರೆಯವರಾಗಿದ್ದರೆ ಅದೇ ಅಚ್ಚಿನಲ್ಲಿ ಇನ್ನೆರಡು ಎರಕ ಹೊಯ್ಯುತ್ತಿದ್ದರು.

ಹಾಲಿಸ್ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ದೀಪ ಆರಿಸಿ ಕುಳಿತರು. ಕಲಾವಿದರು ಗಂಟೆಗಟ್ಟಲೆ ಮನೋಧರ್ಮದಿಂದ ನುಡಿಸಿದ್ದರಲ್ಲಿ ಬಹುಪಾಲನ್ನು ನಿರ್ದಾಕ್ಷಿಣ್ಯವಾಗಿ ಕಿತ್ತೆಸೆದು, ಉಳಿದ ತುಣುಕುಗಳನ್ನು ಜೋಡಿಸಿದರು. ಅದೇ 1988ರ ‘ಸ್ಪಿರಿಟ್ ಆಫ್ ಈಡನ್’. ರೇಡಿಯೋಗೆ ಒಗ್ಗುವ ಹಾಡು ಅದರಲ್ಲಿಲ್ಲ. ಅವರ ಆಲ್ಬಮ್‌ಗಳನ್ನು ಹೊರತರುತ್ತಿದ್ದ ಇಎಂಐ ಕಂಪನಿಯೊಂದಿಗಿನ ಕರಾರಿನ ಜಗಳ ನ್ಯಾಯಾಲಯದ ಮೆಟ್ಟಿಲೇರಿತು. ತಂಡ ಬಿಡಿಸಿಕೊಂಡು ಬಂದು 1991ರಲ್ಲಿ ‘ಲಾಫಿಂಗ್ ಸ್ಟಾಕ್’ ಹೊರತಂದಿತು. ಅಲ್ಲಿಗೆ ತಂಡ ಮುಗಿಯಿತು.

1998ರಲ್ಲಿ ಹಾಲಿಸ್ ಹೆಸರಿನದೇ ಒಂದು ಆಲ್ಬಮ್ ಬಂತು. ವಾದ್ಯಗಳು ಎಷ್ಟು ಹತ್ತಿರವೆಂದರೆ ಗಿಟಾರ್ ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸುತ್ತದೆ. ಆಮೇಲೆ ಸಂಸಾರಕ್ಕೆ ಸಮಯ ಕೊಡಲು ಹಿಂದೆ ಸರಿದರು. 2019ರಲ್ಲಿ, 64ನೇ ವಯಸ್ಸಿನಲ್ಲಿ ತೀರಿಕೊಂಡರು.

ಸೋತು ಓಡಿಹೋದರು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ನೀವು ‘ದಿ ಕಲರ್ ಆಫ್ ಸ್ಪ್ರಿಂಗ್’ನಿಂದ ಶುರು ಮಾಡಿ. ‘ಈಡನ್’ ಕೇಳುವಾಗ ಮಾತ್ರ ಮೊಬೈಲನ್ನು ದೂರವಿಡಿ, ನಡುವೆ ನಿಲ್ಲಿಸಬೇಡಿ.